ಟೈರ್ ಪ್ರೆಶರ್ ಸೆನ್ಸರ್ ಹಾಕಿಸಬೇಕು: ಒಳಗಿನದಾ, ಹೊರಗಿನದಾ?

ಉಪ್ಪಿನಂಗಡಿ_ಹುಡುಗ

ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಿನಲ್ಲಿ, ಮನೆ ಉಪ್ಪಿನಂಗಡಿ ಹತ್ತಿರ. ಹಾಗಾಗಿ ಶಿರಾಡಿ ಘಾಟಿ ಹತ್ತಿ ಇಳಿಯುವುದು ನನಗೆ ತಪ್ಪಿದ್ದಲ್ಲ. ಹಳೇ ಸೆಡಾನ್ ಕಾರು, ಟ್ಯೂಬ್‌ಲೆಸ್ ಟೈರ್, ಕಂಪನಿಯಿಂದ ಟಿಪಿಎಂಎಸ್ (ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ) ಬಂದಿಲ್ಲ.

ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಹಿಂದಿನ ಎಡ ಟೈರಿಗೆ ಮೊಳೆ ಹೊಕ್ಕಿತ್ತು. ಗಾಳಿ ನಿಧಾನಕ್ಕೆ ಇಳಿದಿದೆ. ಮಳೆ, ಹೊಂಡ, ತಿರುವು, ಇದರ ನಡುವೆ ಗಾಡಿ ಒಂದು ಕಡೆ ಎಳೆಯುತ್ತಿದೆ ಅಂತ ಅನ್ನಿಸಲೇ ಇಲ್ಲ. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿ ನೋಡಿದರೆ ಟೈರ್ ಚಪ್ಪಟೆ. ಆಮೇಲೆ ಅಂಗಡಿಯವರು ರಿಮ್ಮಿನಿಂದ ಬಿಚ್ಚಿದಾಗ ಒಳಗಿಂದ ಒಂದು ಹಿಡಿ ಕಪ್ಪು ರಬ್ಬರ್ ಪುಡಿ ಸುರಿಯಿತು. ಮೊಳೆ ತೂತು ಚಿಕ್ಕದೇ, ಪಂಕ್ಚರ್ ಹಾಕಿಸಿದ್ದರೆ ಮುಗಿಯುತ್ತಿತ್ತು. ಆದರೆ ಗಾಳಿ ಇಲ್ಲದೆ ಓಡಿದ್ದಕ್ಕೆ ಟೈರೇ ಹೋಯಿತು.

ಈಗ ಸೆನ್ಸರ್ ಹಾಕಿಸೋಣ ಅಂತ. ವಾಲ್ವಿನ ಮೇಲೆ ಕ್ಯಾಪ್ ಥರ ತಿರುಗಿಸಿ ಹಾಕುವ ಕಿಟ್ ಅಗ್ಗಕ್ಕೆ ಸಿಗುತ್ತದೆ. ರಿಮ್ಮಿನ ಒಳಗೆ ಕೂರುವುದು ಸ್ವಲ್ಪ ದುಬಾರಿ. ಯಾವುದು ಒಳ್ಳೆಯದು? ಇನ್ನೊಂದು: ಅದರಲ್ಲಿ ಟೈರಿನ ಬಿಸಿ ಕೂಡ ತೋರಿಸುತ್ತದಲ್ಲ, ಎಷ್ಟು ಡಿಗ್ರಿ ಆದರೆ ಗಾಡಿ ನಿಲ್ಲಿಸಬೇಕು?

ಬಂಕ್_ಬಸವಣ್ಣ

ಸುಮ್ನೆ ದುಡ್ಡು ದಂಡ. ಹದಿನೈದು ದಿನಕ್ಕೊಮ್ಮೆ ಬಂಕಿನಲ್ಲಿ ಗಾಳಿ ನೋಡಿಸಿದರೆ ಸಾಕು. ನಮ್ಮಪ್ಪ ಟೈರಿಗೆ ಒದ್ದು ನೋಡಿಯೇ ಹೇಳುತ್ತಿದ್ದರು.

ಕಡೂರು_ಟೈರ್_ಕೆಲಸ

ಬಸವಣ್ಣನವರೇ, ಈಗಿನ ರೇಡಿಯಲ್ ಟೈರಿನಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವುದೂ 25 ಇರುವುದೂ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಅದರ ಪಕ್ಕದ ಗೋಡೆ ಹೇಗಿದ್ದರೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಒದ್ದರೆ ಕಾಲು ನೋಯುತ್ತದೆ, ಅಷ್ಟೇ. ಬಂಕಿನಲ್ಲಿ ಇವತ್ತು ನೋಡಿಸಿ ಹೊರಟು, ಹತ್ತು ಕಿಲೋಮೀಟರ್ ಆಚೆ ಮೊಳೆ ಹೊಕ್ಕರೆ ಬಂಕಿನವನು ಏನು ಮಾಡಿಯಾನು?

ಹುಡುಗರೇ, ನಾನು ಟೈರ್ ಅಂಗಡಿಯವನು, ದಿನಾ ಕೈಗೆ ಸಿಗುವುದನ್ನು ಹೇಳುತ್ತೇನೆ.

ಒಳಗಿನ ಸೆನ್ಸರ್ ವಾಲ್ವಿನ ಬುಡಕ್ಕೆ ಸೇರಿಕೊಂಡಿರುತ್ತದೆ. ಕೆಸರು ತಾಗುವುದಿಲ್ಲ, ಯಾರೂ ಕದಿಯುವುದಿಲ್ಲ. ಹಾಕಿಸಲು ನಾಲ್ಕೂ ಟೈರ್ ಬಿಚ್ಚಬೇಕು, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಬ್ಯಾಟರಿಯನ್ನು ಒಳಗೇ ಎರಕ ಹೊಯ್ದು ಮುಚ್ಚಿರುತ್ತಾರೆ. ಐದರಿಂದ ಹತ್ತು ವರ್ಷ ಬರುತ್ತದೆ, ಮುಗಿದರೆ ಸೆನ್ಸರನ್ನೇ ಬದಲಾಯಿಸಬೇಕು.

ಹೊರಗಿನದಕ್ಕೆ ಬಟನ್ ಸೆಲ್. ಒಂದೆರಡು ವರ್ಷಕ್ಕೆ ನೀವೇ ಬದಲಾಯಿಸಿಕೊಳ್ಳಬಹುದು. ಆದರೆ ಅದಕ್ಕೊಂದು ದೊಡ್ಡ ಕಿರಿಕಿರಿ ಇದೆ. ಕ್ಯಾಪ್ ತಿರುಗಿಸಿದರೆ ಅದು ವಾಲ್ವಿನ ಒಳಗಿನ ಪಿನ್ ಒತ್ತುತ್ತದೆ, ಅಂದರೆ ವಾಲ್ವ್ ಯಾವಾಗಲೂ ತೆರೆದೇ ಇರುತ್ತದೆ. ಗಾಳಿ ತಡೆದುಕೊಂಡಿರುವುದು ಕ್ಯಾಪಿನೊಳಗಿನ ಸಣ್ಣ ರಬ್ಬರ್ ವಾಷರ್. ಅದು ಸವೆದರೆ ಸೆನ್ಸರಿನಿಂದಲೇ ಗಾಳಿ ಸೋರುತ್ತದೆ. ಹಾಕಿದ ತಕ್ಷಣ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಲೇಬೇಕು. ಮಾಮೂಲಿ ರಬ್ಬರ್ ವಾಲ್ವಿನ ತುದಿಯಲ್ಲಿ ಆ ತೂಕ ಕೂತು ಹೈವೇ ವೇಗದಲ್ಲಿ ತಿರುಗಿದರೆ ವಾಲ್ವಿನ ಬುಡ ಬಗ್ಗಿ ಬಗ್ಗಿ ಬಿರುಕು ಬಿಡುತ್ತದೆ. ಹೊರಗಿನದೇ ಬೇಕು ಅಂದರೆ ಮೊದಲು ಲೋಹದ ವಾಲ್ವ್ ಹಾಕಿಸಿ.

ಒಳಗಿನದು ಹಾಕಿಸಿದವರು ಮುಂದೆ ಯಾವ ಅಂಗಡಿಗೆ ಹೋದರೂ "ಒಳಗೆ ಸೆನ್ಸರ್ ಇದೆ" ಅಂತ ಮೊದಲೇ ಹೇಳಿ. ಟೈರ್ ಅಂಚನ್ನು ರಿಮ್ಮಿನಿಂದ ಬಿಡಿಸುವ ಯಂತ್ರದ ಒತ್ತು ವಾಲ್ವಿನ ಹತ್ತಿರ ಬಿದ್ದರೆ ಸೆನ್ಸರ್ ಪಟ್ ಅಂತ ಮುರಿಯುತ್ತದೆ.

ಜಯನಗರ_ರಮ್ಯ

ನಮ್ಮ ಕಾರಿನಲ್ಲಿ ಟಿಪಿಎಂಎಸ್ ಇದೆ ಅಂತ ಶೋರೂಮಿನವರು ಹೇಳಿದ್ದರು. ಆದರೆ ಒಂದು ಹಳದಿ ದೀಪ ಮಾತ್ರ. ಪಿಎಸ್‌ಐ ತೋರಿಸುವುದಿಲ್ಲ, ಯಾವ ಚಕ್ರ ಅಂತಲೂ ಹೇಳುವುದಿಲ್ಲ. ಗಾಳಿ ತುಂಬಿಸಿದ ಮೇಲೆ ಒಂದು ಬಟನ್ ಒತ್ತಿ ಹಿಡಿಯಬೇಕಂತೆ. ಇದು ಯಾವ ಜಾತಿಯದು?

ಸರ್ಕಿಟ್_ಶೆಟ್ರು

ರಮ್ಯ ಮೇಡಂ, ಹಾಗಿದ್ದರೆ ನಿಮ್ಮ ಚಕ್ರದಲ್ಲಿ ಸೆನ್ಸರೇ ಇಲ್ಲದಿರಬಹುದು. ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಹೇಗಿದ್ದರೂ ಪ್ರತಿ ಚಕ್ರದ ವೇಗ ಗೊತ್ತಿರುತ್ತದೆ. ಗಾಳಿ ಇಳಿದ ಚಕ್ರದ ಸುತ್ತಳತೆ ಒಂದು ಚೂರು ಕಡಿಮೆಯಾಗುತ್ತದೆ, ಆದ್ದರಿಂದ ಅದು ಉಳಿದವಕ್ಕಿಂತ ಸ್ವಲ್ಪ ಜಾಸ್ತಿ ಸುತ್ತುತ್ತದೆ. ಆ ವ್ಯತ್ಯಾಸ ನೋಡಿ ದೀಪ ಹಚ್ಚುತ್ತಾರೆ. ಬಟನ್ ಒತ್ತುವುದು "ಈಗ ಸರಿ ಇದೆ, ಇದನ್ನೇ ನೆನಪಿಟ್ಟುಕೋ" ಅನ್ನುವುದಕ್ಕೆ. ಗಾಳಿ ಕಡಿಮೆ ಇದ್ದಾಗಲೇ ಬಟನ್ ಒತ್ತಿದರೆ ಅದನ್ನೇ ಸರಿ ಅಂದುಕೊಳ್ಳುತ್ತದೆ. ತಿಂಗಳಾನುಗಟ್ಟಲೆ ನೋಡದೆ ನಾಲ್ಕೂ ಒಟ್ಟಿಗೆ ಇಳಿದರೆ ಚಕ್ರದಿಂದ ಚಕ್ರಕ್ಕೆ ವ್ಯತ್ಯಾಸ ಬರುವುದಿಲ್ಲ. ಇತ್ತೀಚಿನ ವ್ಯವಸ್ಥೆಗಳು ಟೈರಿನ ಕಂಪನವನ್ನೂ ಲೆಕ್ಕ ಹಾಕಿ ಇದನ್ನು ಹಿಡಿಯುತ್ತವೆ. ಹಳೆಯವು ಹಿಡಿಯುವುದಿಲ್ಲ.

ಉಪ್ಪಿನಂಗಡಿಯವರು ಕೇಳಿದ್ದು ನಿಜವಾದ ಸೆನ್ಸರ್ ಇರುವ ಬಗೆ. ಅದರಲ್ಲಿ ಒಂದು ಪುಟ್ಟ ಸಿಲಿಕಾನ್ ಪೊರೆ ಒತ್ತಡಕ್ಕೆ ಬಾಗುತ್ತದೆ, ಜೊತೆಗೆ ಉಷ್ಣಾಂಶ ಅಳೆಯುವ ಭಾಗ, ಚಕ್ರ ತಿರುಗುತ್ತಿದೆಯಾ ಅಂತ ತಿಳಿಯುವ ಭಾಗ, ಒಂದು ಸಣ್ಣ ರೇಡಿಯೊ. ಆ ರೇಡಿಯೊದ ಫ್ರೀಕ್ವೆನ್ಸಿ ಯುರೋಪಿನಲ್ಲೂ ನಮ್ಮಲ್ಲೂ 433.92 ಮೆಗಾಹರ್ಟ್ಸ್, ಅಮೆರಿಕದಲ್ಲಿ ಹೆಚ್ಚಾಗಿ 315. ಗಾಡಿ ನಿಂತಾಗ ಸೆನ್ಸರ್ ಮಲಗಿರುತ್ತದೆ. ಓಡಲು ಶುರುವಾದರೆ ಎದ್ದು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಕಳಿಸುತ್ತದೆ. ಗಾಳಿ ದಿಢೀರ್ ಇಳಿದರೆ ಮಾತ್ರ ಕಾಯದೆ ತಕ್ಷಣ ಕಳಿಸುತ್ತದೆ. ಬ್ಯಾಟರಿ ವರ್ಷಗಟ್ಟಲೆ ಬರುವುದು ಇದರಿಂದ.

ಪ್ರತಿ ಸೆನ್ಸರಿಗೂ ತನ್ನದೇ ನಂಬರ್ ಇದೆ. ಪಕ್ಕದ ಕಾರಿನ ಸಿಗ್ನಲ್ ನಿಮ್ಮ ಪರದೆಗೆ ಬರದಿರುವುದು ಆ ನಂಬರಿನಿಂದ. ಆದರೆ ಸಾಮಾನ್ಯವಾಗಿ ಅದಕ್ಕೆ ಬೀಗ ಇಲ್ಲ. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಓಡುವ ಕಾರಿನ ಸೆನ್ಸರ್ ಸಿಗ್ನಲನ್ನು 40 ಮೀಟರ್ ದೂರದಿಂದ ಹಿಡಿದು, ಸುಳ್ಳು ಎಚ್ಚರಿಕೆಯನ್ನೂ ಕಳಿಸಿ ತೋರಿಸಿದ್ದರು. ಮನೆಯಲ್ಲಿ ಆಡಲು ಇಷ್ಟ ಇದ್ದರೆ ಅಗ್ಗದ ಯುಎಸ್‌ಬಿ ರೇಡಿಯೊ ಡಾಂಗಲ್ ಮತ್ತು ಆರ್‌ಟಿಎಲ್_433 ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಬೀದಿಯಲ್ಲಿ ಹೋಗುವ ಕಾರುಗಳ ಟೈರ್ ಒತ್ತಡ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಬರುತ್ತದೆ. ಹೆಂಡತಿ ಬೈದರೆ ನಾನು ಜವಾಬ್ದಾರನಲ್ಲ.

ಜಯನಗರ_ರಮ್ಯ

ಧನ್ಯವಾದ ಶೆಟ್ರೇ. ಅಣ್ಣನ ಕಾರಿನಲ್ಲಿ ಸಂಖ್ಯೆ ತೋರಿಸುತ್ತದೆ. ಅಲ್ಲೊಂದು ವಿಚಿತ್ರ. ಬೆಂಗಳೂರಿನ ಬಂಕಿನಲ್ಲಿ 33 ತುಂಬಿಸಿದರೆ ಪರದೆಯಲ್ಲಿ 31, 32 ಬರುತ್ತದೆ. ಮಂಗಳೂರಿಗೆ ಹೋದಾಗ ಬಂಕಿನದೂ ಪರದೆಯದೂ ಸರಿಯಾಗಿ ಹೊಂದುತ್ತದೆ. ಬೆಂಗಳೂರಿನ ಬಂಕಿನವರು ಮೋಸ ಮಾಡುತ್ತಿದ್ದಾರಾ?

ಸರ್ಕಿಟ್_ಶೆಟ್ರು

ಇಲ್ಲ ಮೇಡಂ, ಈ ಸಲ ಬಂಕಿನವರು ಪಾಪದವರು. ಒಳ್ಳೇ ಪ್ರಶ್ನೆ.

ಬಂಕಿನ ಗೇಜ್ ಅಳೆಯುವುದು ಹೊರಗಿನ ಹವೆಗಿಂತ ಒಳಗೆ ಎಷ್ಟು ಜಾಸ್ತಿ ಅನ್ನುವುದನ್ನು. ಸೆನ್ಸರ್ ಟೈರಿನ ಒಳಗೇ ಕೂತಿದೆ, ಅದಕ್ಕೆ ಹೊರಗಿನ ಹವೆ ಗೊತ್ತಿಲ್ಲ. ಅದು ಒಟ್ಟು ಒತ್ತಡ ಅಳೆಯುತ್ತದೆ. ಆಮೇಲೆ ಹಲವು ಕಿಟ್‌ಗಳಲ್ಲಿ ಸಮುದ್ರ ಮಟ್ಟದ ಹವೆಯ ಒತ್ತಡ 14.7 ಪಿಎಸ್‌ಐ ಅಂತ ಹಿಡಿದು ಕಳೆದುಬಿಡುತ್ತಾರೆ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಇಲ್ಲಿನ ಹವೆ ಸುಮಾರು 13.2 ಪಿಎಸ್‌ಐ. ಬಂಕಿನಲ್ಲಿ 33 ತುಂಬಿದರೆ ಒಟ್ಟು 46.2. ಅದರಲ್ಲಿ 14.7 ಕಳೆದರೆ 31.5. ನಿಮ್ಮ ಅಣ್ಣನ ಪರದೆ ಹೇಳುತ್ತಿರುವುದು ಅದನ್ನೇ. ಮಂಗಳೂರಿನಲ್ಲಿ ಹೊರಗಿನ ಹವೆ ನಿಜವಾಗಿಯೂ 14.7 ಆದ್ದರಿಂದ ಎರಡೂ ಹೊಂದುತ್ತವೆ. ಕಾರಿನಲ್ಲಿ ಹೊರಗಿನ ಹವೆ ಅಳೆಯುವ ಸೆನ್ಸರ್ ಇದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ವ್ಯತ್ಯಾಸ ಬರುವುದಿಲ್ಲ.

ಮಡಿಕೇರಿ, ಚಿಕ್ಕಮಗಳೂರು ಕಡೆಯವರಿಗೆ ವ್ಯತ್ಯಾಸ ಇನ್ನೂ ಸ್ವಲ್ಪ ಜಾಸ್ತಿ. ಮುಳ್ಳಯ್ಯನಗಿರಿ ಕಡೆ ಮೇಲೆ ಹತ್ತಿದರೆ ಮೂರು ಪಿಎಸ್‌ಐ ಹತ್ತಿರ ಬರುತ್ತದೆ.

ಉಪ್ಪಿನಂಗಡಿ_ಹುಡುಗ

ಹಾಗಾದರೆ ಬೆಂಗಳೂರಿನಲ್ಲಿ ತುಂಬಿಸಿಕೊಂಡು ಘಾಟಿ ಇಳಿದರೆ ಊರಿನಲ್ಲಿ ನನಗೆ ಒಂದೂವರೆ ಪಿಎಸ್‌ಐ ಕಡಿಮೆ ಅಂತಾಯಿತಲ್ಲ?

ಸರ್ಕಿಟ್_ಶೆಟ್ರು

ಲೆಕ್ಕದಲ್ಲಿ ಹೌದು. ಆದರೆ ನಿಮ್ಮ ಕಡೆ ಸೆಕೆ ಜಾಸ್ತಿ ಅಲ್ವಾ? ಹವೆ ಹತ್ತು ಡಿಗ್ರಿ ಏರಿದರೆ ಒತ್ತಡ ಒಂದೂವರೆ ಪಿಎಸ್‌ಐ ಹತ್ತಿರ ಏರುತ್ತದೆ. ಅಲ್ಲಿಗಲ್ಲಿಗೆ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಬಿಸಿಗೆ ಎಷ್ಟು ಏರುತ್ತದೆ ಅಂತ ಒಮ್ಮೆ ನೋಡಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಇತ್ತು ಅನ್ನಿ. ಹೈವೇಯಲ್ಲಿ ಓಡಿ ಒಳಗಿನ ಗಾಳಿ 55 ಡಿಗ್ರಿ ಆದರೆ ಪರದೆಯಲ್ಲಿ 38 ಹತ್ತಿರ ಬರುತ್ತದೆ. ಇದು ತೊಂದರೆಯಲ್ಲ. ಕಾರಿನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಒತ್ತಡ ತಣ್ಣಗಿದ್ದಾಗಿನದು, ಈ ಏರಿಕೆ ಇರುತ್ತದೆ ಅಂತ ಗೊತ್ತಿಟ್ಟುಕೊಂಡೇ ಅದನ್ನು ಬರೆದಿರುತ್ತಾರೆ. ಹೊಸದಾಗಿ ಸೆನ್ಸರ್ ಹಾಕಿಸಿದವರು ದಾರಿ ಮಧ್ಯೆ 38 ನೋಡಿ ಗಾಬರಿಯಾಗಿ ಗಾಳಿ ಬಿಡುತ್ತಾರೆ. ಮಾರನೇ ದಿನ ಬೆಳಿಗ್ಗೆ 28ಕ್ಕೆ ಕೂತಿರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ, ದಯವಿಟ್ಟು.

ಡಲ್ಲಾಸ್_ಮಂಡ್ಯ

ಇಲ್ಲಿ ಚಳಿಗಾಲದ ಮೊದಲ ಶೀತಗಾಳಿ ಬಂದ ಬೆಳಿಗ್ಗೆ ಅರ್ಧ ಊರಿನ ಕಾರುಗಳಲ್ಲಿ ಆ ಹಳದಿ ದೀಪ ಹತ್ತುತ್ತದೆ. ಗ್ಯಾಸ್ ಸ್ಟೇಷನ್ನಿನ ಗಾಳಿ ಯಂತ್ರದ ಮುಂದೆ ಸಾಲು.

ಅಮೆರಿಕದಲ್ಲಿ ಇದು ಕಡ್ಡಾಯವಾದದ್ದಕ್ಕೆ ಒಂದು ಕಹಿ ಕಥೆ ಇದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲಿನ ಪದರ ಓಡುವಾಗಲೇ ಕಿತ್ತು ಬಂದು ಗಾಡಿ ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ರಲ್ಲಿ ಆ ಟೈರುಗಳನ್ನು ವಾಪಸ್ ಕರೆಸಿದರು, ಅದೇ ವರ್ಷ ಟ್ರೆಡ್ ಅನ್ನುವ ವಾಹನ ಸುರಕ್ಷತೆಯ ಕಾಯ್ದೆ ಬಂತು. 2007ರ ಸೆಪ್ಟೆಂಬರ್ ನಂತರ ತಯಾರಾದ ಹೊಸ ಕಾರುಗಳಿಗೆಲ್ಲ ಇಲ್ಲಿ ಟಿಪಿಎಂಎಸ್ ಇರಲೇಬೇಕು. ಯುರೋಪಿನಲ್ಲಿ 2014ರ ನವೆಂಬರಿನಿಂದ.

ಆದರೆ ಇಲ್ಲಿನ ನಿಯಮದ ಪ್ರಕಾರ ದೀಪ ಹತ್ತಲೇಬೇಕಾದದ್ದು ಗಾಳಿ ಶೇಕಡಾ 25 ಇಳಿದಾಗ. 35 ಇರಬೇಕಾದ ಕಡೆ 26. ಅಷ್ಟು ಹೊತ್ತಿಗೆ ಟೈರ್ ಸಾಕಷ್ಟು ಸೊರಗಿರುತ್ತದೆ. ದೀಪ ಹತ್ತಿಲ್ಲ ಅಂದ ಮಾತ್ರಕ್ಕೆ ಗಾಳಿ ಸರಿ ಇದೆ ಅಂತ ಅಲ್ಲ. ಸಂಖ್ಯೆ ತೋರಿಸುವ ಕಿಟ್ ತಗೊಳ್ಳಿ.

ಬಂಕ್_ಬಸವಣ್ಣ

ನೈಟ್ರೋಜನ್ ತುಂಬಿಸಿದರೆ ಇದ್ಯಾವ ಏರಿಳಿತವೂ ಇರೋದಿಲ್ಲ ಅಂತಾರಲ್ಲ?

ಕಡೂರು_ಟೈರ್_ಕೆಲಸ

ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಬಿಸಿಗೆ ಅದೂ ಹಿಗ್ಗುತ್ತದೆ. ಒಣ ಗಾಳಿ ಅನ್ನುವ ಒಂದು ಲಾಭ ಇದೆ, ಅಷ್ಟೇ. ನಾನೂ ತುಂಬಿಸುತ್ತೇನೆ, ಕೇಳಿದವರಿಗೆ.

ರಾಣೆಬೆನ್ನೂರು_ಲಾರಿ

ಕಾರಿನವರು ಒಂದೆರಡು ಪಿಎಸ್‌ಐಗೆ ಇಷ್ಟು ಮಾತಾಡುತ್ತಿದ್ದೀರಿ. ಲಾರಿ ಕಡೆ ಒಮ್ಮೆ ಬನ್ನಿ.

ನಮ್ಮ ಗಾಡಿಗಳು ಗಂಗಾವತಿಯಿಂದ ಅಕ್ಕಿ, ನಮ್ಮ ಕಡೆಯಿಂದ ಮೆಕ್ಕೆಜೋಳ ಹೊತ್ತು ಓಡುತ್ತವೆ. ಹಿಂದೆ ಜೋಡಿ ಟೈರ್. ಒಳಗಿನ ಟೈರಿನಲ್ಲಿ ಗಾಳಿ ಇಳಿದರೆ ಡ್ರೈವರಿಗೆ ಗೊತ್ತೇ ಆಗುವುದಿಲ್ಲ, ಯಾಕಂದರೆ ಹೊರಗಿನ ಜೊತೆಗಾರ ಭಾರ ಹೊತ್ತುಕೊಂಡು ಗಾಡಿಯನ್ನು ನೆಟ್ಟಗೆ ಇಟ್ಟಿರುತ್ತದೆ. ಹೀಗೆ ಎರಡು ಟೈರ್ ಒಟ್ಟಿಗೆ ಹಾಳಾಗುತ್ತವೆ. ಒಂದಕ್ಕೆ ಗಾಳಿ ಇಲ್ಲ, ಇನ್ನೊಂದಕ್ಕೆ ಭಾರ ಜಾಸ್ತಿ. ಗಾಳಿ ಇಳಿದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಇದ್ದರೆ ಬಿಸಿಯಾಗುತ್ತದಲ್ಲ, ಹಾಗೇ. ಉಬ್ಬಿದ ಪಕ್ಕ ಜೊತೆ ಟೈರಿಗೆ ಉಜ್ಜಿಕೊಂಡು ಇನ್ನೂ ಬಿಸಿ. ಹೈವೇ ಬದಿಯಲ್ಲಿ ಹಿಂದಿನ ಟೈರಿನಿಂದ ಹೊಗೆ ಎದ್ದು ಲಾರಿ ಹೊತ್ತಿಕೊಂಡಿದ್ದು ನೋಡಿದವರಿಗೆ ಇದು ಗೊತ್ತು.

ಕ್ಲೀನರ್ ಹುಡುಗರು ರಾಡಿನಿಂದ ಬಡಿದು ಸದ್ದು ಕೇಳುತ್ತಾರೆ. ಪೂರ್ತಿ ಇಳಿದ ಟೈರ್ ಅದರಲ್ಲಿ ಸಿಗುತ್ತದೆ. 110 ಇರಬೇಕಾದ್ದು 85 ಆಗಿದ್ದರೆ ಸಿಗುವುದಿಲ್ಲ. ನಾವು ಎರಡು ಗಾಡಿಗೆ ಸೆನ್ಸರ್ ಹಾಕಿಸಿದ್ದೇವೆ. ಟ್ಯೂಬ್‌ಲೆಸ್ ಗಾಡಿಗೆ ಒಳಗೆ ರಿಮ್ಮಿಗೆ ಸ್ಟೀಲ್ ಪಟ್ಟಿ ಬಿಗಿದು ಕೂರಿಸುವುದು ಬಂದಿದೆ, ಅದು ಗಟ್ಟಿ. ಟ್ಯೂಬ್ ಇರುವ ಗಾಡಿಗೆ ಹೊರಗಿನ ಕ್ಯಾಪೇ ಗತಿ. ಒಳಗಿನ ಟೈರಿನ ವಾಲ್ವಿಗೆ ಉದ್ದದ ಕೊಳವೆ ಸೇರಿಸಿ ಅದರ ತುದಿಗೆ ಸೆನ್ಸರ್ ಹಾಕಿದ್ದರು, ಅಲುಗಾಡಿ ಮುರಿಯಿತು. ಕೊಳವೆಯನ್ನು ರಿಮ್ಮಿಗೆ ಕ್ಲಿಪ್ ಹಾಕಿ ಕಟ್ಟಿದ ಮೇಲೆ ನಿಂತಿದೆ. ಉದ್ದದ ಟ್ರೇಲರ್ ಇದ್ದರೆ ಹಿಂದಿನ ಸಿಗ್ನಲ್ ಕ್ಯಾಬಿನ್ನಿಗೆ ಮುಟ್ಟುವುದಿಲ್ಲ, ನಡುವೆ ಸಿಗ್ನಲ್ ಹಿಡಿದು ಮುಂದೆ ಕಳಿಸುವ ರಿಪೀಟರ್ ಬೇಕು.

ಕ್ಯಾಪ್ ಕಳ್ಳತನಕ್ಕೆ ಮದ್ದಿಲ್ಲ. ಕಳ್ಳರಿಗೆ ಅದು ಏನು ಅಂತಲೇ ಗೊತ್ತಿಲ್ಲ, ಆದರೂ ಬಿಚ್ಚುತ್ತಾರೆ.

ಕಡೂರು_ಟೈರ್_ಕೆಲಸ

ಲಾರಿಯವರು ಹೇಳಿದ 85 ತುಂಬಾ ಮುಖ್ಯ. ಇರಬೇಕಾದ ಒತ್ತಡದ ಶೇಕಡಾ 80ಕ್ಕಿಂತ ಕೆಳಗೆ ಓಡಿದ ಲಾರಿ ಟೈರನ್ನು ಗಾಳಿ ಇಲ್ಲದೆ ಓಡಿದ್ದು ಅಂತಲೇ ಲೆಕ್ಕ ಹಿಡಿಯಬೇಕು. ರಿಮ್ಮಿನಿಂದ ಬಿಚ್ಚಿ ಒಳಗೆ ನೋಡದೆ ಮತ್ತೆ ಗಾಳಿ ಹೊಡೆಯಬಾರದು. ಪಕ್ಕದ ಸ್ಟೀಲ್ ತಂತಿಗಳು ಒಳಗೇ ತುಂಡಾಗಿರುತ್ತವೆ. ಗಾಳಿ ಹೊಡೆಯುವಾಗ ಜಿಪ್ ಬಿಚ್ಚಿದ ಹಾಗೆ ಸೀಳಿ ಸಿಡಿಯುತ್ತದೆ. ಹುಡುಗರ ಜೀವಕ್ಕೇ ಅಪಾಯ. ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದದ ಪೈಪ್ ಹಿಡಿದು ದೂರ ನಿಂತು ಗಾಳಿ ಹೊಡೆಯಬೇಕು. ಹೈವೇ ಬದಿಯಲ್ಲಿ ಎಷ್ಟು ಅಂಗಡಿಯಲ್ಲಿ ಪಂಜರ ಇದೆ ನೋಡಿ, ನಿಮಗೇ ಗೊತ್ತಾಗುತ್ತದೆ. ಇದಕ್ಕೆ ಯಾರೂ ದುಡ್ಡು ಖರ್ಚು ಮಾಡುವುದಿಲ್ಲ.

ಕಲಬುರಗಿ_ಬಿಸಿಲು

ಉಪ್ಪಿನಂಗಡಿಯವರು ಕೇಳಿದ ಟೈರಿನ ಬಿಸಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ನಿಂತ ಗಾಡಿಯಲ್ಲೇ 50 ತೋರಿಸುತ್ತದೆ. ಬಿಸಿಲಿನ ಕಡೆಯ ಎರಡು ಟೈರ್ ನೆರಳಿನ ಕಡೆಯವಕ್ಕಿಂತ ಬಿಸಿ. ಆಗೆಲ್ಲ ಓಡಿಸಬಾರದು ಅಂದರೆ ನಾವು ಮನೆಯಲ್ಲೇ ಇರಬೇಕಾಗುತ್ತದೆ.

ಸರ್ಕಿಟ್_ಶೆಟ್ರು

ಹೌದು, ಅದು ಉಳಿದುಬಿಟ್ಟಿತು.

ಪರದೆಯಲ್ಲಿ ಬರುವುದು ಟೈರಿನ ರಬ್ಬರಿನ ಬಿಸಿ ಅಲ್ಲ. ಒಳಗಿನ ಸೆನ್ಸರ್ ಆದರೆ ರಿಮ್ಮಿನ ಹತ್ತಿರದ ಗಾಳಿಯ ಬಿಸಿ. ಹೊರಗಿನ ಕ್ಯಾಪ್ ಆದರೆ ಕ್ಯಾಪಿನದೇ ಬಿಸಿ. ಬಿಸಿಲು ಬಿದ್ದರೆ ಏರುತ್ತದೆ, ಓಡುವಾಗ ಗಾಳಿ ತಾಗಿ ಇಳಿಯುತ್ತದೆ. ಟೈರಿನಲ್ಲಿ ನಿಜವಾಗಿ ಕುದಿಯುವ ಜಾಗ ರಸ್ತೆಗೆ ತಾಗುವ ಭಾಗದ ಅಂಚು, ಸ್ಟೀಲ್ ಪದರದ ತುದಿ. ಅಲ್ಲಿಯ ಬಿಸಿ ಪರದೆಯದಕ್ಕಿಂತ ಜಾಸ್ತಿ ಇರುತ್ತದೆ.

ಹೆಚ್ಚಿನ ಕಿಟ್‌ಗಳಲ್ಲಿ 70 ಡಿಗ್ರಿ ಆಸುಪಾಸಿಗೆ ಎಚ್ಚರಿಕೆ ಇಟ್ಟಿರುತ್ತಾರೆ. ಅದು ಸರಿಯೇ, ಹಾಗೇ ಬಿಡಿ. ಆದರೆ ನನಗೆ ಕೇಳಿದರೆ ಆ ಒಂದು ಸಂಖ್ಯೆಗಿಂತ ನಾಲ್ಕು ಚಕ್ರಗಳ ನಡುವಿನ ವ್ಯತ್ಯಾಸ ನೋಡಬೇಕು. ನಾಲ್ಕೂ 58 ಇದ್ದರೆ ಬಿಸಿಲು. ಮೂರು 48 ಇದ್ದು ಒಂದು 62 ಇದ್ದರೆ ಆ ಚಕ್ರದಲ್ಲಿ ಏನೋ ಆಗುತ್ತಿದೆ. ಒತ್ತಡ ಇಳಿಯುತ್ತಾ ಬಿಸಿ ಏರುತ್ತಿದ್ದರೆ ಕೂಡಲೇ ಬದಿಗೆ ನಿಲ್ಲಿಸಿ. ಬಿಸಿಗೆ ಒತ್ತಡ ಏರಬೇಕಿತ್ತು, ಇಳಿಯುತ್ತಿದೆ ಅಂದರೆ ಗಾಳಿ ಸೋರುತ್ತಿದೆ.

ಜಯನಗರ_ರಮ್ಯ

ಇದು ನಮಗೆ ಆಗಿತ್ತು! ಅಣ್ಣನ ಕಾರಿನಲ್ಲಿ ಹಿಂದಿನ ಬಲ ಚಕ್ರ ಮಾತ್ರ ಯಾವಾಗಲೂ ಬಿಸಿ, ಒತ್ತಡ ಮೂರು ಪಿಎಸ್‌ಐ ಜಾಸ್ತಿ. ಟೈರ್ ಸರಿ ಇತ್ತು. ಕೊನೆಗೆ ನೋಡಿದರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುತ್ತಿರಲಿಲ್ಲ.

ರಾಣೆಬೆನ್ನೂರು_ಲಾರಿ

ಘಾಟಿಯಲ್ಲಿ ಬ್ರೇಕಿನ ಬಿಸಿಯೂ ರಿಮ್ಮಿಗೆ ಬರುತ್ತದೆ, ನೆನಪಿರಲಿ. ಶಿರಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಕಾರಿನ ಮುಂದಿನ ಎರಡೂ ಚಕ್ರ ಏರುತ್ತವೆ. ಟೈರ್ ತಪ್ಪಲ್ಲ. ಗೇರ್ ಇಳಿಸಿ, ಎಂಜಿನ್ನಿನಲ್ಲಿ ತಡೆಯಿರಿ, ಕೆಳಗೆ ಬರುವಷ್ಟರಲ್ಲಿ ಸಂಖ್ಯೆಯೂ ಇಳಿಯುತ್ತದೆ. ಇಳಿದ ತಕ್ಷಣ ಬಿಸಿ ರಿಮ್ಮಿಗೆ ತಣ್ಣೀರು ಸುರಿಯಬೇಡಿ.

ಇವಿ_ತುಮಕೂರು

ನನ್ನ ಹೊಸ ಎಲೆಕ್ಟ್ರಿಕ್ ಗಾಡಿಯಲ್ಲಿ ಸ್ಟೆಪ್ನಿಯೇ ಇಲ್ಲ. ಟಿಪಿಎಂಎಸ್ ಮತ್ತು ಒಂದು ಪಂಕ್ಚರ್ ಕಿಟ್ ಕೊಟ್ಟಿದ್ದಾರೆ. ಇದು ಕಾನೂನಿಗೆ ಸರಿಯಾ?

ಸರ್ಕಿಟ್_ಶೆಟ್ರು

ಸರಿ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದರು. ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್, ರಿಪೇರಿ ಕಿಟ್ ಮೂರೂ ಇದ್ದರೆ 3.5 ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯ ಅಲ್ಲ. ನಮ್ಮಲ್ಲಿ ಟಿಪಿಎಂಎಸ್‌ಗೆ ಎಐಎಸ್-154 ಅನ್ನುವ ಮಾನದಂಡವೂ ಇದೆ.

ಕಡೂರು_ಟೈರ್_ಕೆಲಸ

ಆ ಕಿಟ್ಟಿನ ದ್ರವ ಸೆನ್ಸರಿನ ಸಣ್ಣ ತೂತಿಗೆ ಅಂಟಿಕೊಂಡರೆ ಸೆನ್ಸರ್ ಕಿವುಡಾಗುತ್ತದೆ. ಬೇರೆ ದಾರಿ ಇಲ್ಲದಾಗ ಬಳಸಿ, ಆದರೆ ಆಮೇಲೆ ಟೈರ್ ಬಿಚ್ಚಿಸಿ ಒರೆಸಿಸಿ. ಮಾಮೂಲಿ ಮೊಳೆ ತೂತಿಗೆ ರಬ್ಬರ್ ಬತ್ತಿ ಹಾಕುವುದೇ ವಾಸಿ.

ಉಪ್ಪಿನಂಗಡಿ_ಹುಡುಗ

ತುಂಬಾ ಉಪಯೋಗ ಆಯಿತು. ಹೇಗೂ ಉಳಿದ ಟೈರುಗಳೂ ಸವೆದಿವೆ, ನಾಲ್ಕನ್ನೂ ಬದಲಾಯಿಸುವಾಗಲೇ ಒಳಗಿನ ಸೆನ್ಸರ್ ಹಾಕಿಸುತ್ತೇನೆ. ಟೈರ್ ಬಿಚ್ಚುವ ಕೂಲಿಯೂ ಉಳಿಯುತ್ತದೆ. ಎಚ್ಚರಿಕೆ ಎಷ್ಟಕ್ಕೆ ಇಡಲಿ? ನನ್ನ ಕಾರಿಗೆ 33 ಅಂತ ಬರೆದಿದೆ.

ಸರ್ಕಿಟ್_ಶೆಟ್ರು

ಕೆಳಗಿನದು 28, ಮೇಲಿನದು 43. ಮೇಲಿನದನ್ನು 36ಕ್ಕೆ ಇಟ್ಟರೆ ಪ್ರತಿ ಮಧ್ಯಾಹ್ನ ಅರಚುತ್ತದೆ, ಎರಡು ದಿನಕ್ಕೆ ನೀವೇ ಸದ್ದು ಬಂದ್ ಮಾಡಿಬಿಡುತ್ತೀರಿ. ಕಿಟ್ಟಿನ ಪರದೆ ಸೋಲಾರಿನದಾದರೆ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟು ಕಾರ್ ನಿಲ್ಲಿಸಬೇಡಿ. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬುತ್ತದೆ.

ಕಡೂರು_ಟೈರ್_ಕೆಲಸ

ಅಲ್ಯೂಮಿನಿಯಂ ವಾಲ್ವ್ ಬಂದರೆ ಅದಕ್ಕೆ ನಿಕಲ್ ಲೇಪನದ ಪಿನ್ನೇ ಹಾಕಿಸಿ. ಮಾಮೂಲಿ ಹಿತ್ತಾಳೆ ಪಿನ್, ಹಿತ್ತಾಳೆ ಕ್ಯಾಪ್ ಹಾಕಿದರೆ ನಿಮ್ಮ ಕರಾವಳಿಯ ಉಪ್ಪು ಗಾಳಿಗೆ ಎರಡೂ ಕಚ್ಚಿಕೊಳ್ಳುತ್ತವೆ, ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ಪ್ಲಾಸ್ಟಿಕ್ ಕ್ಯಾಪ್ ಸಾಕು. ಯಾವ ನಂಬರಿನ ಸೆನ್ಸರ್ ಯಾವ ಚಕ್ರದಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಟೈರ್ ಅದಲು ಬದಲು ಮಾಡಿಸಿದಾಗ ಪರದೆಗೂ ಹೊಸದಾಗಿ ಹೇಳಿಕೊಡಬೇಕು. ಇಲ್ಲದಿದ್ದರೆ ಅದು ಮುಂದಿನ ಎಡ ಅಂತ ಅರಚುತ್ತದೆ, ನೀವು ಸರಿ ಇರುವ ಟೈರ್ ಬಿಚ್ಚಿಸುತ್ತೀರಿ.

ಬಂಕ್_ಬಸವಣ್ಣ

ಸ್ಟೆಪ್ನಿಗೂ ಒಂದು ಹಾಕಿಸಬೇಕಾ?

ಕಡೂರು_ಟೈರ್_ಕೆಲಸ

ಡಿಕ್ಕಿಯಲ್ಲಿ ಚಕ್ರ ತಿರುಗುವುದಿಲ್ಲವಲ್ಲ ಅಣ್ಣ, ಸೆನ್ಸರ್ ಹೆಚ್ಚು ಹೊತ್ತು ಮಲಗೇ ಇರುತ್ತದೆ. ಸ್ಟೆಪ್ನಿಗೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತುಂಬಿಸಿ, ತಿಂಗಳಿಗೊಮ್ಮೆ ನಿಮ್ಮ ಬಂಕಿನಲ್ಲೇ ನೋಡಿಸಿ.